ಆರು ಕ್ಷೇತ್ರ, ಮೂರು ದಿನ, ಒಂದು ಟಿ.ಟಿ.: ಅತ್ತೆಯ ಜೊತೆ ಹೋಗಿಬಂದ ಲೆಕ್ಕ

ತಲೆಗೆ 6,200 ರೂಪಾಯಿ. ಶುಕ್ರವಾರ ರಾತ್ರಿ 9ಕ್ಕೆ ತುಮಕೂರು ಬಿಟ್ಟರೆ ಸೋಮವಾರ ರಾತ್ರಿ ವಾಪಸ್. ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು. ವಾಟ್ಸಾಪಿಗೆ ಬಂದಿದ್ದ ಪಾಂಪ್ಲೆಟ್‌ನಲ್ಲಿ ‘ಎ.ಸಿ., ಪುಷ್‌ಬ್ಯಾಕ್, ಹಿರಿಯರಿಗೆ ವಿಶೇಷ ಕಾಳಜಿ’ ಅಂತಿತ್ತು. ನಮ್ಮತ್ತೆಗೆ 74, ಎರಡೂ ಮಂಡಿ ಸವೆದಿವೆ. ಆ ಕೊನೇ ಮಾತು ನೋಡಿಯೇ ನಾನು ಅಡ್ವಾನ್ಸ್ ಹಾಕಿದ್ದು. ಟ್ರಾವೆಲ್ಸ್‌ನವರ ಹೆಸರು ಬರೆಯುವುದಿಲ್ಲ. ಅವರಿಗೆ ಹೇಳಬೇಕಾದ್ದನ್ನು ಫೋನಿನಲ್ಲೇ ಹೇಳಿ ಆಗಿದೆ. ಇಂಥ ಪ್ಯಾಕೇಜು ಊರಿಗೆ ಹತ್ತಿವೆ, ಎಲ್ಲರ ಪಟ್ಟಿಯೂ ಹೆಚ್ಚುಕಮ್ಮಿ ಇದೇ. ವಯಸ್ಸಾದವರನ್ನು ಕರೆದುಕೊಂಡು ಹೊರಡುವವರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮಿನಿ ಬಸ್ ಅಂದಿದ್ದರು, ಬಂದಿದ್ದು ಟಿ.ಟಿ., ಅಂದರೆ ಟೆಂಪೋ ಟ್ರಾವೆಲರ್. ನಮಗೆ ಸಿಕ್ಕ ಸೀಟಿನ ಪುಷ್‌ಬ್ಯಾಕ್ ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಬರುತ್ತಿರಲಿಲ್ಲ. ಬಾಗಿಲ ಮೆಟ್ಟಿಲಂತೂ ಅತ್ತೆಯ ಮಂಡಿಗಿಂತ ಎತ್ತರ. ಅಲ್ಲೇ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ಡ್ರೈವರ್ ಇಳಿದು ಬಂದು, ಸೀಟಿನ ಕೆಳಗಿನಿಂದ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ತೆಗೆದು ಬಾಗಿಲ ಬುಡದಲ್ಲಿಟ್ಟ. ‘ಅಜ್ಜಿ, ಮೊದಲು ಇದರ ಮೇಲೆ ಕಾಲಿಡಿ, ಆಮೇಲೆ ನನ್ನ ಭುಜ ಹಿಡ್ಕೊಳ್ಳಿ.’ ಮೂರು ದಿನದಲ್ಲಿ ಎಷ್ಟು ಸಲ ನಿಲ್ಲಿಸಿದನೋ ಅಷ್ಟೂ ಸಲ, ಟೀ ಕುಡಿಯಲು ನಿಂತಾಗಲೂ ಸಹ, ಆ ಸ್ಟೂಲ್ ಬಾಗಿಲಿಗೆ ಬಂತು. ಆಮೇಲೆ ಕೇಳಿದರೆ, ಅದು ಅವನು ಸ್ವಂತ ದುಡ್ಡಲ್ಲಿ ತಂದಿಟ್ಟುಕೊಂಡಿದ್ದಂತೆ. ಪಾಂಪ್ಲೆಟ್‌ನ ‘ವಿಶೇಷ ಕಾಳಜಿ’ ಅಷ್ಟೇ, ಅದೂ ಮಾಲೀಕರದ್ದಲ್ಲ.

ಗಾಡಿ ಇನ್ನೂ ಕುಣಿಗಲ್ ದಾಟಿರಲಿಲ್ಲ, ಅತ್ತೆ ಶುರು ಮಾಡಿದರು: ‘ಆಧಾರ್ ಕಾರ್ಡ್ ತೋರಿಸಿದ್ರೆ ಕೆಂಪು ಬಸ್ಸಲ್ಲಿ ಫ್ರೀಯಾಗಿ ಧರ್ಮಸ್ಥಳ ಮುಟ್ಟಿಸ್ತಾರೆ. ನೀನು ಸುಮ್ನೆ ಹನ್ನೆರಡು ಸಾವಿರ ಕೊಟ್ಯಲ್ಲೇ.’ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಒಂದು ಸುತ್ತು ಹೋಗಿ ಬಂದಿದ್ದಾರೆ, ಇವರೊಬ್ಬರೇ ಬಾಕಿ. ಆ ಸಿಟ್ಟು ನನ್ನ ಮೇಲೆ.

ಬೆಳಗಿನ ಜಾವ ಕುಕ್ಕೆ. ಕುಮಾರಧಾರೆಯಲ್ಲಿ ಮಂಜಿನಂಥ ನೀರು. ಅತ್ತೆ ಪಾದ ತೊಳೆದು ತಲೆಗೆ ಮೂರು ಸಲ ಚಿಮುಕಿಸಿಕೊಂಡರು, ಅಷ್ಟಕ್ಕೇ ನಾನು ಅವರ ಸೊಂಟ ಹಿಡಿದು ನಿಂತಿದ್ದೆ. ಇಲ್ಲಿ ಹಿಂಬದಿಯಿಂದ ಒಳಗೆ ಹೋಗಿ, ಪ್ರದಕ್ಷಿಣೆ ಹಾಕಿಕೊಂಡು ಸ್ವಾಮಿಯ ಎದುರಿಗೆ ಬರಬೇಕು. ಎದುರಿಗೆ ಬೆಳ್ಳಿ ಹೊದಿಸಿದ ಗರುಡಗಂಬ. ಒಳಗಿರುವ ವಾಸುಕಿಯ ವಿಷದ ಉಸಿರು ಭಕ್ತರಿಗೆ ತಾಗದಿರಲಿ ಅಂತ ಅದನ್ನು ನಿಲ್ಲಿಸಿದ್ದು ಎನ್ನುವ ನಂಬಿಕೆ. ನಮ್ಮ ಗಾಡಿಯಲ್ಲಿ ಗುಬ್ಬಿ ಕಡೆಯ ಗಂಡ ಹೆಂಡತಿ ಇದ್ದರು, ಸರ್ಪದೋಷಕ್ಕೆ ಆಶ್ಲೇಷಾ ಬಲಿ ಪೂಜೆ ಮಾಡಿಸಲೆಂದೇ ಬಂದವರು. ಪಾಂಪ್ಲೆಟ್‌ನಲ್ಲಿ ‘ಸೇವೆಗಳಿಗೆ ಅವಕಾಶ’ ಅಂತ ಇತ್ತು. ಗೈಡ್ ಹುಡುಗ ವಾಚ್ ನೋಡಿ, ‘ಟೈಮ್ ಆಗಲ್ಲ ಸಾರ್, ಮುಂದಿನ ಸಲ ಮಾಡಿಸಿ’ ಅಂದುಬಿಟ್ಟ. ಆ ಹೆಂಗಸು ಧರ್ಮಸ್ಥಳ ಮುಟ್ಟುವವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ಆಶ್ಲೇಷಾ ಬಲಿ, ಸರ್ಪಸಂಸ್ಕಾರ ಅಂತ ಇರುವವರು ದಯವಿಟ್ಟು ಪ್ಯಾಕೇಜಿನಲ್ಲಿ ಹೋಗಬೇಡಿ. ಸರ್ಪಸಂಸ್ಕಾರಕ್ಕಂತೂ ಎರಡು ದಿನ ಬೇಕು, ಮೊದಲೇ ಬುಕ್ ಮಾಡಿಸಬೇಕು. ನಮ್ಮತ್ತೆ ಮಾತ್ರ ಆದಿ ಸುಬ್ರಹ್ಮಣ್ಯಕ್ಕೆ ಹೋಗಿ ಹುತ್ತದ ಮಣ್ಣಿನ ಪ್ರಸಾದ ತಂದೇ ತಂದರು. ಗೈಡ್ ಕೂಗುತ್ತಿದ್ದ, ಇವರಿಗೆ ಆಗ ಕಿವಿ ಕೇಳಿಸಲಿಲ್ಲ.

ಧರ್ಮಸ್ಥಳದ ಬಗ್ಗೆ ಹೊಸದಾಗಿ ಬರೆಯುವುದೇನಿದೆ? ದೇವರು ಶಿವ, ಪೂಜೆ ಮಾಧ್ವರದ್ದು, ಆಡಳಿತ ಜೈನ ಹೆಗ್ಗಡೆಯವರದ್ದು. ಸರತಿಯಲ್ಲಿ ಎರಡೂವರೆ ಗಂಟೆ, ಆಮೇಲೆ ಅನ್ನಪೂರ್ಣದಲ್ಲಿ ಊಟ. ಪಟ್ಟಿಯಲ್ಲಿದ್ದ ‘ಬಾಹುಬಲಿ ದರ್ಶನ’, ಬೆಟ್ಟಕ್ಕೆ ಹೋಗುವ ರಸ್ತೆಯನ್ನು ಕಿಟಕಿಯಿಂದ ತೋರಿಸುವಲ್ಲಿಗೆ ಮುಗಿಯಿತು. 39 ಅಡಿಯ ಮೂರ್ತಿ, ಕಾರ್ಕಳದಲ್ಲಿ ಕೆತ್ತಿ ತಂದು 1982ರಲ್ಲಿ ಪ್ರತಿಷ್ಠೆ ಮಾಡಿದ್ದು. ನಾನು ಶಾಲೆಯಲ್ಲಿದ್ದಾಗ ನೋಡಿದ್ದೆ, ಅತ್ತೆ ನೋಡಿಲ್ಲ. ನೋಡದೆಯೇ ಬಂದರು.

ಭಾನುವಾರ ಬೆಳಿಗ್ಗೆ ಉಡುಪಿ. ನಿಜವಾದ ತಕರಾರು ಇಲ್ಲಿಯದು. ಉಡುಪಿಗೆ ಕೊಟ್ಟಿದ್ದು ಒಂದೂಕಾಲು ಗಂಟೆ, ಅದರಲ್ಲೇ ತಿಂಡಿಯೂ ಆಗಬೇಕು. ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರನಿಗೆ ಕೈಮುಗಿದು ಆಮೇಲೆ ಕೃಷ್ಣನ ಬಳಿ ಹೋಗುವುದು ಅಲ್ಲಿಯ ಕ್ರಮ. ಗೈಡ್ ಅದನ್ನು ಹೇಳಲೇ ಇಲ್ಲ, ನೇರ ಮಠದ ಸರತಿಗೆ ನಿಲ್ಲಿಸಿದ. ಭಾನುವಾರದ ಜನ. ಒಳಗೆ ನವಗ್ರಹ ಕಿಂಡಿ, ಒಂಬತ್ತು ತೂತಿನ ಬೆಳ್ಳಿ ಕಿಟಕಿ, ಅದರಿಂದಲೇ ದೇವರನ್ನು ನೋಡಬೇಕು. ನಮ್ಮತ್ತೆ ನಾಲ್ಕು ಅಡಿ ಹತ್ತು ಅಂಗುಲ. ಬಗ್ಗಿ ಕಣ್ಣಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಹಿಂದಿನವರು ತಳ್ಳಿಕೊಂಡು ಬಂದರು.

‘ಕಂಡ್ತಾ ಅತ್ತೆ?’

‘ಕಡೆಗೋಲು ಕಂಡ್ತು ಕಣೇ. ಮುಖ ಕಾಣ್ಲಿಲ್ಲ.’

ಉಡುಪಿ ಕೃಷ್ಣನ ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಅತ್ತೆಗೆ ಇದು ಕಥೆಯಲ್ಲ. ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷ ದಿನಾ ಮಜ್ಜಿಗೆ ಕಡೆದವರು. ಹಾಗಾಗಿ ಅದೊಂದು ಕಣ್ಣಿಗೆ ಬಿದ್ದಿದೆ. ಇನ್ನೊಮ್ಮೆ ಸರತಿಗೆ ನಿಲ್ಲಲು ಗೈಡ್ ಒಪ್ಪಲಿಲ್ಲ. ತಿಂಡಿ ಬೇಡ, ಆ ಇಪ್ಪತ್ತು ನಿಮಿಷ ನಮ್ಮದು ಅಂತ ಜಗಳ ಮಾಡಿ, ಹೊರಗೆ ರಥಬೀದಿ ಕಡೆಯಿಂದ ಕನಕನ ಕಿಂಡಿಗೆ ಕರೆದುಕೊಂಡು ಹೋದೆ. ಕನಕದಾಸರನ್ನು ಒಳಗೆ ಬಿಡದಿದ್ದಾಗ ಕೃಷ್ಣ ತಿರುಗಿ ದರ್ಶನ ಕೊಟ್ಟ ಅನ್ನುವ ಜಾಗ. ಅಲ್ಲಿ ಜನ ಕಮ್ಮಿ ಇದ್ದರು, ಯಾರೂ ತಳ್ಳಲಿಲ್ಲ. ಅತ್ತೆ ಚಪ್ಪಲಿ ನನ್ನ ಕೈಗೆ ಕೊಟ್ಟು, ಸೆರಗು ತಲೆಗೆ ಹೊದ್ದು, ಕಿಂಡಿಯ ಪಕ್ಕದ ಗೋಡೆ ಹಿಡಿದುಕೊಂಡು ನಿಂತೇ ನಿಂತರು. ಒಳಗಿನ ದೀಪ ಒಂದು ಸಣ್ಣ ಚುಕ್ಕೆಯಷ್ಟು ಕಾಣುತ್ತಿತ್ತು, ನನಗೆ ಅದಕ್ಕಿಂತ ಹೆಚ್ಚು ಕಾಣಲಿಲ್ಲ. ಅವರಿಗೆ ಏನು ಕಂಡಿತೋ, ನಾನು ಕೇಳಲೂ ಇಲ್ಲ. ಮೂರು ದಿನದಲ್ಲಿ ಅವರು ಸಮಾಧಾನವಾಗಿ ನಿಂತಿದ್ದು ಅದೊಂದೇ ಕಡೆ, ಅದೂ ಪ್ಯಾಕೇಜಿನ ಹೊರಗೆ.

ಅಲ್ಲಿಂದ ಕೊಲ್ಲೂರಿಗೆ ಹೋಗುವಾಗ ಎ.ಸಿ. ನಿಂತಿತು. ಫೆಬ್ರವರಿಯಾದರೇನು, ಕರಾವಳಿಯ ಮಧ್ಯಾಹ್ನ ಕರಾವಳಿಯ ಮಧ್ಯಾಹ್ನವೇ. ಎ.ಸಿ. ಗಾಡಿಯ ಕಿಟಕಿ ಅರ್ಧ ಮಾತ್ರ ತೆಗೆಯಲು ಬರುತ್ತದೆ ಅಂತ ಆವತ್ತು ಗೊತ್ತಾಯಿತು. ಕೊಲ್ಲೂರಿನಲ್ಲಿ ಲಾಡ್ಜಿನ ರೂಮು ಎರಡನೇ ಮಹಡಿ, ಲಿಫ್ಟ್ ಇಲ್ಲ. 74 ವಯಸ್ಸು ಅಂತ ಬುಕ್ ಮಾಡುವಾಗಲೇ ಬರೆಸಿದ್ದೆ. ಆದರೆ ಸಂಜೆಯಿಂದ ಅಲ್ಲೇ ಇದ್ದದ್ದರಿಂದ ಗಡಿಬಿಡಿ ಇರಲಿಲ್ಲ. ಹೂವಿನ ಅಂಗಡಿಯವರು ನಮ್ಮನ್ನೂ ಮಲಯಾಳಂನಲ್ಲೇ ಕರೆದರು, ಅಷ್ಟು ಕೇರಳದ ಭಕ್ತರು ಬರುತ್ತಾರೆ. ರಾತ್ರಿ ಪೂಜೆ ಮುಗಿದ ಮೇಲೆ ಕೊಡುವ ಕಷಾಯಕ್ಕೆ ಕಾದು ಕೂತೆವು. ಶಂಕರಾಚಾರ್ಯರಿಗೆ ಕಾಯಿಲೆಯಾದಾಗ ಮೂಕಾಂಬಿಕೆಯೇ ಕಷಾಯ ಮಾಡಿಕೊಟ್ಟಳು ಎಂಬ ಪ್ರತೀತಿ. ಶುಂಠಿ, ಮೆಣಸಿನ ಖಾರ ಗಂಟಲಿಗೆ ಇಳಿಯಿತು. ಅತ್ತೆ ಎರಡನೇ ಸಲ ಕೈ ಚಾಚಿದರು. ಕೊಲ್ಲೂರಿಗೆ ಹೋದರೆ ರಾತ್ರಿ ಉಳಿಯುವ ಹಾಗೆ ಹೋಗಿ.

ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ ಸಲೀಸಾಗಿ ಆಯಿತು, ಸೋಮವಾರ ಬೆಳಿಗ್ಗೆ ಅಲ್ಲವೇ. ಪಕ್ಕದ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು, 12 ರಾಶಿಗಳ 12 ಕಂಬ. ಆಯಾ ತಿಂಗಳು ಆಯಾ ರಾಶಿಯ ಕಂಬಕ್ಕೆ ಬಿಸಿಲು ಬೀಳುತ್ತದೆ ಅನ್ನುತ್ತಾರೆ. ಅತ್ತೆಗೆ ಕಂಬಕ್ಕಿಂತ ತುಂಗೆಯ ಮೀನು ಮುಖ್ಯ. ಹತ್ತು ರೂಪಾಯಿಯ ಮಂಡಕ್ಕಿಯನ್ನು ಒಂದೊಂದೇ ಕಾಳು ಹಾಕಿ ಅರ್ಧ ಗಂಟೆ ಮಾಡಿದರು. ಕೊನೆಗೆ ಗೈಡ್ ಹುಡುಗನೇ ಬಂದು ಪಕ್ಕದಲ್ಲಿ ಕೂತ. ಪಾಪ, ಅವನೂ ಮೂರು ದಿನದಿಂದ ನಿದ್ದೆಗೆಟ್ಟವನು.

ಹೊರನಾಡಿನಲ್ಲಿ ಊಟದ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಗಂಡಸರು ಅಂಗಿ ಬನಿಯನ್ ತೆಗೆದು ಶಲ್ಯ ಹೊದ್ದು ಒಳಗೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಡ್ರೈವರ್ ಒಂದು ಕಡೆ, ನಾನು ಒಂದು ಕಡೆ. ಊಟದ ಬಗ್ಗೆ ಒಂದೇ ಮಾತು: ಪಾಯಸಕ್ಕೆ ಅತ್ತೆ ಬೇಡ ಅನ್ನಲಿಲ್ಲ, ಸಕ್ಕರೆ ಕಾಯಿಲೆ ಇದ್ದೂ.

ಮನೆಗೆ ಬಂದು ನಾನು ಲೆಕ್ಕ ಹಾಕಿದೆ, ಬ್ಯಾಂಕಿನ ಕೆಲಸದ ಚಾಳಿ. ಗಾಡಿಯಲ್ಲಿ ಕೂತಿದ್ದು 29 ಗಂಟೆ. ಆರು ಗರ್ಭಗುಡಿಗಳ ಎದುರು ನಿಂತಿದ್ದು ಎಲ್ಲಾ ಸೇರಿ ಐದು ನಿಮಿಷವಿಲ್ಲ. ಇದೇ ದುಡ್ಡಿಗೆ ಮೂರೇ ಕ್ಷೇತ್ರ ಇಟ್ಟು, ಒಂದೊಂದು ಕಡೆ ಅರ್ಧ ದಿನ ಬಿಟ್ಟಿದ್ದರೆ ನಾನು ಇನ್ನೊಂದು ಸಾವಿರ ಸೇರಿಸಿಯೇ ಕೊಡುತ್ತಿದ್ದೆ. ಪ್ಯಾಕೇಜಿಗೆ ಐದರಲ್ಲಿ ಎರಡು. ಆ ಎರಡೂ ಡ್ರೈವರಿಗೆ ಮತ್ತು ಸ್ಟೂಲಿಗೆ.

ಎ.ಸಿ. ಬಾಬ್ತು ತಲೆಗೆ 300 ವಾಪಸ್ ಕೊಡುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಅತ್ತೆ ಹುತ್ತದ ಮಣ್ಣನ್ನು ದೇವರ ಗೂಡಿನಲ್ಲಿಟ್ಟು, ಮಾರನೇ ದಿನ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೇಳಿದರು: ‘ಉಡುಪಿಗೆ ಕೆಂಪು ಬಸ್ಸು ತುಮಕೂರಿಂದ ಎಷ್ಟೊತ್ತಿಗಿದೆ ನೋಡು. ಭಾನುವಾರ ಬೇಡ.’