ಹೋಮ್ಸಾ, ಪ್ವಾರೋನಾ, ದ್ಯುಪಾನಾ? ಪತ್ತೇದಾರಿ ಕಥೆ ಓದೋಕೆ ಈ ಮೂವರು ಪತ್ತೇದಾರರಲ್ಲಿ ಯಾರಿಂದ ಶುರು ಮಾಡೋದು
ಟೈಮ್ ಕಮ್ಮಿ ಅಂದ್ರೆ ದ್ಯುಪಾ, ಅವನ ಮೇಲೆ ಎಡ್ಗರ್ ಅಲನ್ ಪೋ ಬರೆದಿದ್ದೇ ಮೂರು ಕಥೆ, ಮೊದಲ್ನೇದು 1841ರದ್ದು. ಪಕ್ಕದಲ್ಲಿ ಸುಮ್ನೆ ನಡೀತಿರೋ ಗೆಳೆಯನ ತಲೇಲಿ ಏನ್ ಓಡ್ತಿದೆ ಅಂತ ಹೇಳಿಬಿಡೋ ಸೀನ್ ಸಖತ್, ಆದ್ರೆ ಮಧ್ಯೆ ಲೆಕ್ಚರ್ ಜಾಸ್ತಿ.

ಹೋಮ್ಸ್‌ದು 4 ಕಾದಂಬರಿ, 56 ಸಣ್ಣ ಕಥೆ, ಬರೆದಿದ್ದು ಆರ್ಥರ್ ಕಾನನ್ ಡಾಯ್ಲ್. ಅವನ ಆಟ ಎಲ್ಲಾ ಕಣ್ಣಲ್ಲೇ, ಮುಂದೆ ಜೊತೆಗಾರನಾಗೋ ಡಾಕ್ಟರ್ ವಾಟ್ಸನ್‌ನ ನೋಡಿದ ತಕ್ಷಣ ಅಫ್ಘಾನಿಸ್ತಾನದಿಂದ ಬಂದಿದೀರ ಅಂತಾನೆ, 140 ಥರ ತಂಬಾಕಿನ ಬೂದಿ ಗುರುತು ಹಿಡೀತಾನೆ (ಇದೇ ಆಸಾಮಿ ದ್ಯುಪಾನ ಬಗ್ಗೆ ಕೀಳಾಗಿ ಮಾತಾಡ್ತಾನೆ, ಆದ್ರೆ ತಾನೂ ಬಳಸೋ ಮನಸ್ಸು ಓದೋ ಟ್ರಿಕ್ ಮಾತ್ರ ದ್ಯುಪಾನದ್ದೇ!). ತೊಂದ್ರೆ ಏನಂದ್ರೆ ಅವನಿಗೆ ಕಂಡಿದ್ದು ಎಷ್ಟೋ ಸಲ ನಮಗೆ ಕೊನೇಲಿ ಗೊತ್ತಾಗೋದು.

ಅಗಾಥಾ ಕ್ರಿಸ್ಟಿಯ ಪ್ವಾರೋ ಲೆನ್ಸ್ ಹಿಡಿದು ನೆಲದ ಮೇಲೆ ತೆವಳಲ್ಲ, ಕೂತ್ಕೊಂಡು ಜನರ ಮಾತಲ್ಲಿ ಸುಳ್ಳು ಹುಡುಕ್ತಾನೆ, ಸುಳಿವು ನಮ್ ಕಣ್ಮುಂದೇನೇ ಇರುತ್ತೆ, ಹಂಗಾಗಿ ಕೊಲೆಗಾರನ್ನ ನಾವೇ ಹಿಡೀಬೇಕು ಅನ್ನೋರಿಗೆ ಇವ್ನೇ ಸರಿ. ಆದ್ರೆ ಹೆಸರುವಾಸಿಯಾದವು ಹೆಚ್ಚಾಗಿ ಕಾದಂಬರಿ, ಪುರುಸೊತ್ತು ಬೇಕು.

ದುಡ್ಡಿನ ವಿಷ್ಯಕ್ಕೆ ಬಂದ್ರೆ ಹೋಮ್ಸ್, ದ್ಯುಪಾ ಇಬ್ರದ್ದೂ ಕಾಪಿರೈಟ್ ಮುಗಿದಿದೆ, ನೆಟ್ಟಲ್ಲಿ ಫ್ರೀ. ಪ್ವಾರೋದು ಬಹುತೇಕ ಕೊಳ್ಳಬೇಕು, ಇಲ್ಲಾಂದ್ರೆ ಲೈಬ್ರರಿ ನೋಡಿ. ದಿನಾ ಬಸ್ಸಲ್ಲಿ ಅರ್ಧ ಗಂಟೆ ಸಿಗುತ್ತೆ ಅಷ್ಟೇ ಅನ್ನೋರು ಹೋಮ್ಸ್ ಸಣ್ಣ ಕಥೆ ಹಿಡೀರಿ.