ಕಾಮೆಟ್, ಟಿಯಾಗೊ, ಪಂಚ್: ಮೈಸೂರಿನ ಲೆಕ್ಕದಲ್ಲಿ

ಹತ್ತು ಲಕ್ಷದ ಆಸುಪಾಸಿನಲ್ಲಿ ಎಲೆಕ್ಟ್ರಿಕ್ ಕಾರು ಹುಡುಕುವವರ ಪಟ್ಟಿಯಲ್ಲಿ ಎಂಜಿ ಕಾಮೆಟ್, ಟಾಟಾ ಟಿಯಾಗೊ ಇವಿ ಮತ್ತು ತುಸು ದುಬಾರಿಯಾದ ಟಾಟಾ ಪಂಚ್ ಇವಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಬೆಂಗಳೂರಿನಲ್ಲಿ ವಾಸವಿದ್ದು ಆಗಾಗ ಮೈಸೂರಿಗೆ ಹೋಗಿಬರುವ ನಮ್ಮಂಥ ಕುಟುಂಬದ ಅಗತ್ಯವನ್ನು ಎದುರಿಗಿಟ್ಟುಕೊಂಡು ಇವನ್ನು ಹೋಲಿಸಿದ್ದೇನೆ.

ಕಂಪನಿಗಳು ಹೇಳುವ ವ್ಯಾಪ್ತಿ, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ, ಪ್ರಯೋಗಾಲಯದ ಪರೀಕ್ಷೆಯದು. ಎಸಿ ಹಾಕಿಕೊಂಡು ಓಡಿಸುವವರು ಅದರ ಮೂರನೇ ಎರಡು ಭಾಗವನ್ನಷ್ಟೇ ನಂಬುವುದು ಕ್ಷೇಮ, ಹೆದ್ದಾರಿಯ ವೇಗದಲ್ಲಿ ಅದು ಇನ್ನೂ ಇಳಿಯಬಹುದು. ಈ ಲೆಕ್ಕದಲ್ಲಿ, ಕಾರುಗಳು ಮೊದಲು ಬಂದಾಗ ಕಂಪನಿಗಳು ಹೇಳಿದ ಅಂಕಿಗಳಂತೆ, 17.3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾಮೆಟ್‌ನ 230 ಕಿ.ಮೀ. ಸುಮಾರು 150ಕ್ಕೂ, 24ರ ಟಿಯಾಗೊದ 315 ಕಿ.ಮೀ. 210ಕ್ಕೂ, 35ರ ಪಂಚ್‌ನ 421 ಕಿ.ಮೀ. 280ಕ್ಕೂ ಬಂದು ನಿಲ್ಲುತ್ತದೆ. ಮೈಸೂರು ಸುಮಾರು 145 ಕಿ.ಮೀ. ದೂರದಲ್ಲಿರುವುದರಿಂದ ಕಾಮೆಟ್‌ನಲ್ಲಿ ಆ ಪ್ರಯಾಣಕ್ಕೆ ಹೊರಡುವುದು ಜೂಜೇ ಸರಿ. ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಬೇಗ ಚಾರ್ಜ್ ಮಾಡಿಕೊಳ್ಳುವ ಡಿಸಿ ಫಾಸ್ಟ್ ಚಾರ್ಜಿಂಗ್ ಸೌಲಭ್ಯವೂ ಅದಕ್ಕೆ ಇಲ್ಲ. ಟಿಯಾಗೊ ತಲುಪಿಸುತ್ತದೆ, ಆದರೆ ಮರಳುವ ಮುನ್ನ ಚಾರ್ಜ್ ಮಾಡಲೇಬೇಕು. ಫಾಸ್ಟ್ ಚಾರ್ಜರ್ ಸಿಕ್ಕರೆ ಶೇ 10ರಿಂದ 80ಕ್ಕೆ ಏರಲು ಒಂದು ಗಂಟೆಯಷ್ಟು ಸಾಕು. ಪಂಚ್‌ಗೂ ವಾಪಸು ಬರುವಾಗ ಒಂದು ನಿಲುಗಡೆ ಬೇಕಾಗಬಹುದು, ಅದು ಕಾಫಿ ಕುಡಿಯುವಷ್ಟು ಹೊತ್ತಿನದು.

ಹಾಗೆಂದು ಕಾಮೆಟ್ ಅನ್ನು ತಳ್ಳಿಹಾಕಲಾರೆ. ಮೂರು ಮೀಟರಿಗೂ ಕಡಿಮೆ ಉದ್ದದ ಆ ಕಾರು ಚಿಕ್ಕಪೇಟೆಯ ಬೀದಿಗಳಲ್ಲಿ ತೋರುವ ಚುರುಕು ಉಳಿದ ಎರಡಕ್ಕೂ ಇಲ್ಲ. ಆದರೆ ಬಾಗಿಲು ಎರಡೇ ಇರುವುದರಿಂದ ವಯಸ್ಸಾದವರು ಹಿಂದಿನ ಸೀಟಿಗೆ ಹೋಗುವುದು ಕಷ್ಟ. ನಾಲ್ವರು ಕುಳಿತ ಮೇಲೆ ಸಾಮಾನಿಗೆ ಜಾಗವೇ ಉಳಿಯದು. ಮನೆಯಲ್ಲಿ ಪೆಟ್ರೋಲ್ ಕಾರೊಂದು ಈಗಾಗಲೇ ಇರುವವರಿಗೆ ಮಾತ್ರ ಅದು ಒಪ್ಪುತ್ತದೆ.

ಪಂಚ್‌ನ 190 ಮಿ.ಮೀ. ನೆಲದೆತ್ತರ ನಮ್ಮ ರಸ್ತೆ ಉಬ್ಬುಗಳಿಗೆ ಹೇಳಿ ಮಾಡಿಸಿದಂತಿದೆ. ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತವೆಂದು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದು ಐದು ನಕ್ಷತ್ರ ಪಡೆದಿದೆ. ಹಣ ಹೊಂದಿಸಬಲ್ಲವರು ಅದನ್ನೇ ದೊಡ್ಡ ಬ್ಯಾಟರಿಯೊಂದಿಗೆ ಕೊಳ್ಳಲಿ. ಮೊದಲು ಬಂದಾಗಿನ 25 ಕಿಲೋವ್ಯಾಟ್ ಅವರ್‌ನ ಪಂಚ್ ಕೊಳ್ಳುವುದಾದರೆ, ಅಷ್ಟೇ ವ್ಯಾಪ್ತಿಯ ಟಿಯಾಗೊ ಸಾಕೆಂದು ನನ್ನ ಅಭಿಪ್ರಾಯ.

ಕಾಮೆಟ್ ಅನ್ನು ಬ್ಯಾಟರಿ ಬಾಡಿಗೆಯ ಯೋಜನೆಯಲ್ಲಿ ಕೊಂಡರೆ ಆರಂಭದ ಬೆಲೆ ತಗ್ಗುತ್ತದೆ. ಆದರೆ ಆ ಯೋಜನೆ ಬಂದಾಗ ಇದ್ದ ಕಿ.ಮೀ.ಗೆ ₹2.5 ದರದಲ್ಲಿ ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ₹2,500 ಬಾಡಿಗೆಗೇ ಹೋಗುತ್ತದೆ, ಕರೆಂಟಿನ ಖರ್ಚು ಬೇರೆ. ಅಪಾರ್ಟ್‌ಮೆಂಟಿನಲ್ಲಿರುವವರು ಪಾರ್ಕಿಂಗ್ ಜಾಗದಲ್ಲಿ 15 ಆಂಪ್ ಸಾಕೆಟ್ ಹಾಕಿಸಲು ಸಂಘದ ಒಪ್ಪಿಗೆಯನ್ನು ಬುಕಿಂಗ್ ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.