ಎರಡು ಲೀಟರ್ ಆಕ್ಸಿಜನ್ ಕಿಟ್: ಮೂರು ವರ್ಷ ಬಳಸಿದ ಮೇಲೆ

ಮನೆಯಲ್ಲೇ ಕಟ್ಟಿದ ಎರಡು ಸೀಟಿನ ವಿಮಾನ, ಜಕ್ಕೂರಿನ ಹ್ಯಾಂಗರ್, ಎತ್ತರದಲ್ಲಿ ಹಾರುವಾಗ ಉಸಿರಾಡಲು ಆಕ್ಸಿಜನ್ ಕೊಡುವ ಈ ಕಿಟ್‌ನ ಮೂರು ವರ್ಷದ ಬಳಕೆ. ಕಿಟ್‌ನಲ್ಲಿ 2 ಲೀಟರ್‌ನ ಸಿಲಿಂಡರ್, ಪಿನ್ ಇಂಡೆಕ್ಸ್ ವಾಲ್ವ್ (ಬೇರೆ ಗ್ಯಾಸಿನ ರೆಗ್ಯುಲೇಟರ್ ಕೂರದಂತೆ ಪಿನ್ ಹೊಂದಿಸಿದ್ದು), ಒತ್ತಡ ತಗ್ಗಿಸುವ ಹಿತ್ತಾಳೆ ರೆಗ್ಯುಲೇಟರ್, ಎರಡು ಕ್ಯಾನುಲಾ (ಮೂಗಿಗೆ ಹಾಕುವ ಕೊಳವೆ). 2,000 ಪಿಎಸ್‌ಐ ಒತ್ತಡಕ್ಕೆ ತುಂಬಿದರೆ ಸುಮಾರು 275 ಲೀಟರ್ ಗ್ಯಾಸ್. ನಿಮಿಷಕ್ಕೆ 1 ಲೀಟರ್‌ನಂತೆ ಒಬ್ಬರಿಗೆ ನಾಲ್ಕು ಗಂಟೆಗೆ ಅಡ್ಡಿಯಿಲ್ಲ. ಹರಿವಿನ ಬಗ್ಗೆ ತಕರಾರಿಲ್ಲ.

ಕೊಟ್ಟ ದುಡ್ಡು ಸಾರ್ಥಕವಾಗಿರುವುದು ಹಿತ್ತಾಳೆಯಿಂದ. ಅಲ್ಯೂಮಿನಿಯಂ ರೆಗ್ಯುಲೇಟರ್‌ಗಳು ಹೊತ್ತಿ ಉರಿದ ಮೇಲೆ, ಹಿತ್ತಾಳೆಯವನ್ನು ಬಳಸಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಕ ಎಫ್‌ಡಿಎ 1999ರಲ್ಲೇ ಹೇಳಿತ್ತು. ವಾಲ್ವನ್ನು ಗಕ್ಕನೆ ತಿರುಗಿಸಿದರೆ ರೆಗ್ಯುಲೇಟರ್ ಬಾಯಲ್ಲಿರುವ ಗಾಳಿ ಒಂದೇ ಏಟಿಗೆ ಅದುಮಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಶಾಖ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿ ಒಂಚೂರು ಗ್ರೀಸಿನ ಪಸೆಯಿದ್ದರೆ ಸಾಕು, ಬೆಂಕಿಕಡ್ಡಿ ಬೇಡ. ಹತ್ತಿಕೊಂಡ ಅಲ್ಯೂಮಿನಿಯಂ ತಾನೇ ಸೌದೆಯಾಗುತ್ತದೆ, ಹಿತ್ತಾಳೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಹಾಗಾಗಿ ಕ್ರಮ ಹೀಗೆ: ರೆಗ್ಯುಲೇಟರ್ ಕೂರಿಸುವ ಮೊದಲು ವಾಲ್ವಿನ ಬಾಯಿ ಯಾರ ಕಡೆಗೂ ಇಲ್ಲದಂತೆ ತಿರುಗಿಸಿ, ಅರೆಕ್ಷಣ ವಾಲ್ವ್ ತೆರೆದು ಮುಚ್ಚಿ, ಧೂಳು ಹಾರಿಹೋಗುತ್ತದೆ. ಆಮೇಲೆ ರೆಗ್ಯುಲೇಟರ್ ಕೂರಿಸಿ, ಹರಿವಿನ ಗುಂಡಿ ಸೊನ್ನೆಯಲ್ಲಿರಲಿ. ಗೇಜಿನ ಮುಳ್ಳು ತೆವಳುತ್ತಾ ಏರುವಷ್ಟು ನಿಧಾನಕ್ಕೆ ವಾಲ್ವ್ ತೆರೆಯಿರಿ.

ಕಿಟ್‌ನ ದೊಡ್ಡ ಕೊರತೆ ವಾಲ್ವ್ ಮತ್ತು ರೆಗ್ಯುಲೇಟರ್ ನಡುವೆ ಕೂರುವ ವಾಷರ್. ಜೊತೆಗೆ ಬಂದದ್ದು ನೈಲಾನಿನದು, ಅದರ ಆಯಸ್ಸು ಒಂದೇ ಸಲಕ್ಕೆ ಮುಗಿಯಿತು. ಎರಡನೇ ಸಲ ಹಾಕಿದರೆ ಸೋರುತ್ತದೆ, ಸೋರಿತೆಂದು ಇಕ್ಕಳ ಹಿಡಿದು ಬಿಗಿದರೆ ನೈಲಾನ್ ಇನ್ನಷ್ಟು ಜಜ್ಜಿಹೋಗುತ್ತದೆ, ಆ ಸಂದಿನಲ್ಲಿ ನುಗ್ಗುವ ಆಕ್ಸಿಜನ್‌ಗೆ ಅದೇ ಹೊತ್ತಿಕೊಳ್ಳಬಹುದು. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ. ಹಿತ್ತಾಳೆ ಬಳೆಯೊಳಗೆ ರಬ್ಬರ್ ಇರುವ ವಾಷರ್ ಹಾಕಿದರೆ ಕೈಬಿಗಿತವೇ ಸಾಕು.

ಟೆಫ್ಲಾನ್ ಟೇಪಿಗೆ ಇಲ್ಲಿ ಕೆಲಸವಿಲ್ಲ, ಡಬ್ಲ್ಯೂಡಿ-40ಯಂತೂ ಹತ್ತಿರವೂ ಸುಳಿಯಬಾರದು. ಸೋರಿಕೆ ನೋಡಲು ಆಕ್ಸಿಜನ್‌ಗೆಂದೇ ಇರುವ ದ್ರಾವಣ ಬಳಸಿ. ತಲೆಗೆ ಹಚ್ಚಿದ ತೆಂಗಿನೆಣ್ಣೆ, ಬೆಣ್ಣೆದೋಸೆ ತಿಂದ ಬೆರಳು, ತುಟಿಯ ವ್ಯಾಸಲಿನ್ ಎಲ್ಲವೂ ಎಣ್ಣೆಯೇ. ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡೇ ಮುಟ್ಟುವುದು.

ಪೈಪು ಉದ್ದ ಜಾಸ್ತಿ. ಹೆಚ್ಚಿನದನ್ನು ಸೀಟಿನಡಿ ಸುತ್ತಿಡಬೇಡಿ. ಅಲ್ಲಿ ಸಣ್ಣಗೆ ಸೋರಿದರೂ ಫೋಮ್ ಆಕ್ಸಿಜನ್ ಹೀರಿಕೊಳ್ಳುತ್ತದೆ, ಆಮೇಲೆ ವೈರಿನ ಒಂದು ಕಿಡಿ ಸಾಕು. ಇಂಧನದ ಪೈಪಿನಿಂದಲೂ ದೂರವಿರಲಿ. ಏಪ್ರಿಲ್ ಬಿಸಿಲಲ್ಲಿ ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಕೆಳಗೆ ಸಿಲಿಂಡರ್ ಬಿಟ್ಟುಹೋಗದೆ, ವಾಲ್ವ್ ಮುಚ್ಚಿ, ರೆಗ್ಯುಲೇಟರ್‌ನಲ್ಲಿ ಉಳಿದ ಒತ್ತಡ ಇಳಿಸಿ ಹೊರಗೆ ತೆಗೆದಿಡಿ. ತುಂಬಿಸಲು ಪೀಣ್ಯಕ್ಕೆ ಒಯ್ಯುವ ಮುನ್ನ ಸಿಲಿಂಡರಿನ ಹೆಗಲ ಮೇಲಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಮುದ್ರೆ ನೋಡಿ. ಈ ಸಿಲಿಂಡರ್‌ಗೆ ಐದು ವರ್ಷದ ಗಡುವು.